ಒಂದು ಬಟನ್ನು, ಒಂದು ಪ್ಯಾಡು

ಕಂಪ್ಯೂಟರ್ ಕೆಲಸದವರೆಲ್ಲ ಭಾಳ ಶ್ಯಾಣ್ಯಾರು ಅಂತ ಮಂದಿ ತಿಳಕೊಂಡಾರ. ತಿಳಕೊಳ್ಳಲಿ ಬಿಡ್ರಿ. ನನ್ನ ಮಾನ ಮಾತ್ರ ಆಗಾಗ ಹೋಗ್ತಾನೇ ಐತಿ, ಅದೂ ಪ್ರತಿ ಸಲ ನಮ್ಮ ಸರ್ ಮುಂದನೇ.

೧. ಪ್ಯಾಡ್

ಆಗ ಹಚ್ಚೊಳ್ಳಿಯಿಂದ ಬಸ್ ಹಿಡಿದು ಸಿರುಗುಪ್ಪದ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದೆ. "ನಾಳೆಯಿಂದ ಜಾವಾಸ್ಕ್ರಿಪ್ಟ್ ಅನ್ನೋ ಕಂಪ್ಯೂಟರ್ ಭಾಷೆ. ಎಲ್ಲಾ ನೋಟ್‌ಪ್ಯಾಡಿನಾಗ ಬರೀಬೇಕು" ಅಂದ್ರು ಸರ್. ಮರುದಿನ ಗೆರಿ ಹಾಕಿದ ಪ್ಯಾಡು, ಎರಡು ಪೆನ್ನು ತಗೊಂಡು ಹೋಗಿ ಠೀವಿಯಿಂದ ಕುಂತೆ. ಕಂಪ್ಯೂಟರಿನೊಳಗೂ ಒಂದು ನೋಟ್‌ಪ್ಯಾಡ್ ಇರ್ತೈತಿ ಅಂತ ನನಗೇನು ಗೊತ್ತು! ಕ್ಲಾಸೆಲ್ಲಾ ಬಿದ್ದು ಬಿದ್ದು ನಕ್ಕಿತು.

ಸರ್ ನಗಲಿಲ್ಲ. "ಚಲೋ ಆತು. ಮೊದಲು ಅದರಾಗೇ ಬರಿ, ಕರೆಂಟ್ ಹೋದ್ರೂ ಅಳಿಯಂಗಿಲ್ಲ" ಅಂದ್ರು. ಅವತ್ತಿನಿಂದ ಎಲ್ಲರಿಗೂ ಪ್ಯಾಡ್ ಕಡ್ಡಾಯ. ನಕ್ಕವರೆಲ್ಲಾ ನನ್ನ ಬೈಕೋತ ಅಂಗಡಿಗೆ ಹೋದ್ರು.

೨. ನೋಡ್

ಈಗ ಬಳ್ಳಾರಿಯಾಗ ವೆಬ್‌ಸೈಟ್ ಮಾಡೋ ಆಫೀಸಿನಾಗ ಅದೀನಿ. ಇಲ್ಲಿ ಏನು ಮಾಡಬೇಕಂದ್ರೂ ಮೊದಲು ಫ್ರೇಮ್‌ವರ್ಕ್ ಅನ್ನೋ ಸಿದ್ಧ ಕೋಡಿನ ದೊಡ್ಡ ಗಂಟು ನೆಟ್‌ನಿಂದ ಇಳಿಸಬೇಕು. ಒಂದಿನ ಸರ್ ನನ್ನ ಮಾತಾಡ್ಸಾಕ ಬಂದ್ರು.

"ಏನಲೇ ಮಾಡಾಕತ್ತೀ?"

"ಒಂದು ಬಟನ್ ಸರ್. ಅದಕ್ಕ ಮೊದಲು ನೋಡ್ ಬೇಕು."

ಸರ್ ಕನ್ನಡಕ ಏರಿಸಿ ಪರದೆ ನೋಡಿದ್ರು. "ನೋಡಿದೆ. ಮುಂದ?"

"ನೋಡೋದಲ್ಲ ಸರ್, ನೋಡ್ ಅಂತ ಒಂದು ಸಾಫ್ಟ್‌ವೇರು. ಇಳಿಯಾಕತ್ತೈತಿ."

ಎರಡು ಸಲ ಚಾ ಆತು, ಅದಿನ್ನೂ ಇಳೀತಿತ್ತು. ಸರ್ ಎದ್ದು ನಿಂತ್ರು. "ಅಂಗಿಗೊಂದು ಗುಂಡಿ ಹಚ್ಚಾಕ ದರ್ಜಿ ಅಂಗಡೀನೇ ಹೊತ್ಕೊಂಡು ಬರ್ತೀಯಲ್ಲೋ!"

೩. ಬೀಳ್ಕೊಡುಗೆ

ವಯಸ್ಸಾತು ಅಂತ ಸರ್ ಕ್ಲಾಸ್ ಮುಚ್ಚಿದ್ರು. ಹಳೇ ಹುಡುಗರೆಲ್ಲ ಸೇರಿ ಅವರೂರು ಕುರುಗೋಡಿನ ಮದುವಿ ಹಾಲಿನಾಗ ಬೀಳ್ಕೊಡುಗೆ ಇಟ್ವಿ. ಬಟನ್ ಒತ್ತಿದ್ರ ಕ್ಲಾಸಿನ ಹಳೇ ಫೋಟೋ ಬರೋ ಪೇಜು ಮಾಡಿದ್ದೆ, ದೊಡ್ಡ ಫ್ರೇಮ್‌ವರ್ಕಿನಾಗ. 'ನನ್ನ ಹುಡುಗ ಕಲ್ತಾನ' ಅಂತ ಅವರ ಬಾಯಿಂದ ಒಂದು ಸಲ ಕೇಳಬೇಕಿತ್ತು, ಅಷ್ಟೇ.

ಹಾಲಿನಾಗ ನೆಟ್ ಇರಲಿಲ್ಲ, ಫ್ರೇಮ್‌ವರ್ಕ್ ಇಳೀಲಿಲ್ಲ. ಪೇಜು ತೆರೆದ್ರ ಬರೇ ಬಿಳಿ. ಬಟನ್ನೂ ಇಲ್ಲ, ಫೋಟೋನೂ ಇಲ್ಲ. ನನಗ ಭೂಮಿ ಬಾಯಿ ತೆಗೀಬಾರದಾ ಅನಿಸ್ತು.

ಸರ್ ಬಂದು ಪಕ್ಕದಾಗ ಕುಂತ್ರು. "ಆ ಕಡೆ ಸರಿಯಲೇ" ಅಂದವರೇ ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಬಡಿದ್ರು. ಪರದೆ ಮ್ಯಾಲೆ ಒಂದು ಬಟನ್ ಬಂತು. "ಒತ್ತು."

ಒತ್ತಿದೆ. ಎಲ್ಲರ ಮುಂದ ಅಕ್ಷರ ಮೂಡಿದ್ವು: "ಬೀಳ್ಕೊಡುಗೆ ರದ್ದು. ನಾಳೆ ಎಲ್ಲರೂ ಪ್ಯಾಡ್ ತಗೊಂಡು ಕ್ಲಾಸಿಗೆ ಬರ್ರಿ."

ಹಾಲೆಲ್ಲಾ ನಕ್ಕಿತು. ನಾನೂ ನಕ್ಕೆ, ಕಣ್ಣಾಗ ನೀರು ಮಾತ್ರ ನಿಲ್ಲಲಿಲ್ಲ. ಊಟ ಮುಗಿಸಿ ಯಾರಿಗೂ ಹೇಳದಂಗ ಪುಸ್ತಕದ ಅಂಗಡಿಗೆ ಹೋದೆ.

ಅಂಗಡಿಯವರು ಕೈ ಆಡಿಸಿದ್ರು. "ಪ್ಯಾಡ್ ಖಾಲಿರಿ. ಈಗ ಹಾಲಿನ ಕಡೆಯಿಂದ ಒಂದು ಹಿಂಡು ದೊಡ್ಡ ಮಂದಿ ಬಂದು ಎಲ್ಲಾ ಒಯ್ದ್ರು. ಯಾವ ಸಾಲಿ ಹುಡುಗರ್ರೀ ಅವ್ರು?"