ಹಕ್ಕುಗಳ ಅಧಿಕಾರಿಯಾದ ಸ್ಟೋರ್ ಕೀಪರ್

ಚಪ್ಪಲಿ ಕಾರ್ಖಾನೆಯ ಸ್ಟೋರ್ ಕೀಪರ್‌ನ ಅಕ್ಷರ ದುಂಡಗಿದ್ದದ್ದೇ ತಪ್ಪಾಯಿತು. ಬೆಳಿಗ್ಗೆ ಮಾಲೀಕರು ಕಾಗದವೊಂದನ್ನು ಹಿಡಿದು ಬಾಗಿಲಲ್ಲೇ ಕಾದಿದ್ದರು.

"ಹೊಸ ಕಾನೂನು ಬಂದಿದೆ ಕಣ್ರೀ! ಕೆಲಸದವರಿಗೆ ಏನೇನು ತೊಂದರೆ ಇದೆ ಅಂತ ನಾವೇ ಹುಡುಕಿ, ಸರಿಮಾಡಿ, ಬರೆದಿಡಬೇಕಂತೆ. ಹನ್ನೊಂದಕ್ಕೆ ತಪಾಸಣೆಯವರು ಬರ್ತಾರೆ. ನಿಮ್ಮ ಅಕ್ಷರ ಚೆನ್ನಾಗಿದೆ, ಇವತ್ತಿಂದ ನೀವೇ ಮಾನವ ಹಕ್ಕುಗಳ ಅಧಿಕಾರಿ!"

ಅವನ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು. ಹೆಂಡತಿಗೆ ಫೋನ್ ಮಾಡಿ, "ಲೇ, ನಾನು ಅಧಿಕಾರಿಯಾದೆ ಕಣೇ!" ಎಂದ.

"ಮೊದಲು ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ಳಿ," ಎಂದಳು.

ಅಂಟು ಹಚ್ಚುವ ಕೋಣೆಗೆ ನುಗ್ಗಿ, "ಯಾರಿಗೇನು ತೊಂದರೆ ಇದ್ರೂ ಹೇಳಿ!" ಎಂದದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

"ವಾಸನೆಗೆ ತಲೆ ತಿರುಗತ್ತೆ ಸಾರ್, ಆ ಕಿಟಕಿ ತೆಗೆದಿದ್ದೇ ನಾನು ನೋಡಿಲ್ಲ," ಎಂದರು ಒಬ್ಬ ಹಿರಿಯ ಹೆಂಗಸು; ಅವರನ್ನು ಎಲ್ಲರೂ ಕರೆಯುವುದು ಅಂಟಿನಕ್ಕ ಎಂದೇ.

"ಬೆಂಕಿ ಬಿದ್ರೆ ಓಡೋ ಬಾಗಿಲಿಗೂ ಬೀಗ!" ಎಂದ ಹೊಲಿಗೆಯವನು.

ಹೊಸ ಅಧಿಕಾರಿ ಕಿಟಕಿ ಎಳೆದ; ಚೌಕಟ್ಟೇ ಕೈಗೆ ಬಂತು. ಗಾಳಿ ನುಗ್ಗಿತು, ಚಪ್ಪಾಳೆ ಬಿತ್ತು. ಹುರುಪು ನೆತ್ತಿಗೇರಿತು. ಬೀಗದ ಕೈ ಸಿಗದಿದ್ದಾಗ ಬಾಗಿಲಿಗೆ ಭುಜವನ್ನೇ ಕೊಟ್ಟ. ಅಂಟಿನಕ್ಕ ಎಣಿಸಿದರು. ಮೂರು ಅನ್ನುವಷ್ಟರಲ್ಲಿ ಬಾಗಿಲು ಹಾರಿತು. ಜೊತೆಗೆ ಅವನೂ ಹಾರಿ, ಆಗತಾನೇ ಕಾರಿನಿಂದಿಳಿದ ತಪಾಸಣೆಯ ಮೇಡಂ ಮುಂದೆ ಅಟ್ಟೆ ಕಿತ್ತ ಚಪ್ಪಲಿಯಂತೆ ಬಿದ್ದ.

ಮಾಲೀಕರ ಮುಖ ಬಿಳಿಚಿತು. ಮೇಡಂ ಒಳಗೆಲ್ಲ ಸುತ್ತಿ ಬಂದರು. "ಗಾಳಿ ಇದೆ, ದಾರಿ ಇದೆ. ಭೇಷ್!" ಎಂದು, ಧೂಳು ಕೊಡವಿಕೊಳ್ಳುತ್ತಿದ್ದ ಹಕ್ಕುಗಳ ಅಧಿಕಾರಿಯತ್ತ ತಿರುಗಿದರು. "ಈಗ ನಿಮ್ಮ ವಿಷಯ ಹೇಳಿ. ಕೊನೇ ಸಲ ರಜಾ ಹಾಕಿದ್ದು ಯಾವಾಗ?"

ಅವನು ಬಾಯಿ ತೆರೆಯುವ ಮೊದಲೇ ಹೊಲಿಗೆಯವನು ನುಗ್ಗಿದ. "ಇವರಾ? ಭಾನುವಾರಾನೂ ಸ್ಟೋರಲ್ಲೇ ಇರ್ತಾರೆ!"

"ಮದುವೆ ದಿನ ಕೂಡ ಮಧ್ಯಾಹ್ನ ಬಂದಿದ್ರು," ಎಂದರು ಅಂಟಿನಕ್ಕ.

ಮೇಡಂ ಕೆಂಪು ಶಾಯಿಯಲ್ಲಿ ಬರೆದರು: ಇಲ್ಲಿ ಹಕ್ಕು ಕಳೆದುಕೊಂಡವರು ಒಬ್ಬರೇ, ಹಕ್ಕುಗಳ ಅಧಿಕಾರಿ. ಅವರಿಗೆ ಪ್ರತಿ ಭಾನುವಾರ ರಜೆ ಕಡ್ಡಾಯ.

"ಲೇ, ಭಾನುವಾರ ರಜಾ ಕಣೇ! ಕಾನೂನೇ ಕೊಟ್ಟಿದೆ!" ಎಂದು ಅವನು ಫೋನಿನಲ್ಲಿ ಕೂಗಿ ಮುಗಿಸುವಷ್ಟರಲ್ಲಿ ಮಾಲೀಕರು ಬೆನ್ನು ತಟ್ಟಿದರು.

"ಆರಾಮಾಗಿ ರಜಾ ತಗೊಳ್ಳಿ. ಒಂದೇ ಒಂದು ಸಣ್ಣ ಕೆಲಸ. ನೀವು ನಿಜವಾಗ್ಲೂ ರಜದಲ್ಲಿದ್ದೀರಿ ಅಂತ ಹಕ್ಕುಗಳ ಅಧಿಕಾರಿ ಖುದ್ದು ನೋಡಿ ಸಹಿ ಹಾಕಬೇಕಂತೆ. ಭಾನುವಾರ ಎಂಟಕ್ಕೆ ಬಂದು, ನಿಮ್ಮ ಕುರ್ಚಿ ಸಂಜೆವರೆಗೂ ಖಾಲಿ ಇರತ್ತಾ ನೋಡ್ಕೊಳ್ಳಿ."

ಅವನು ಫೋನ್ ಜೇಬಿಗಿಳಿಸಿದ. "ಕೂತು ನೋಡ್ಲಾ ಸಾರ್, ನಿಂತು ನೋಡ್ಲಾ?"

"ನಿಂತೇ ನೋಡ್ಬೇಕು! ನೀವು ಕೂತ್ರೆ ಕುರ್ಚಿ ಖಾಲಿ ಇರತ್ತೇನ್ರೀ?"