ಷಡ್ಡಕನ ಮನೆಶಾಲೆ

ಷಡ್ಡಕ ಅನ್ನುವವನು ಇದ್ದರೆ ತನಗಿಂತ ಒಂದು ಕೈ ಕಡಿಮೆಯವನಾಗಿ ಇರಬೇಕು ಎನ್ನುವುದು ಗೌರಿಬಿದನೂರಿನ ರಮೇಶ್‌ಬಾಬುವಿನ ಖಚಿತ ಅಭಿಪ್ರಾಯ. ಸ್ವಲ್ಪ ಕುಡಿಯುವವನಾದರೆ ಇನ್ನೂ ಒಳ್ಳೆಯದು, ಮಾವನ ಮನೆಯಲ್ಲಿ ನಮ್ಮ ಬೆಲೆ ತಾನಾಗಿಯೇ ಏರುತ್ತದೆ. ಆದರೆ ದೇವರು ಅವನಿಗೆ ದಯಪಾಲಿಸಿದ್ದು ಚಿಂತಾಮಣಿಯ ಮುರಳಿಮೋಹನನನ್ನು. ಕುಡಿಯುವುದಿಲ್ಲ, ಎಲೆ ಅಡಿಕೆಯೂ ಇಲ್ಲ, ಹೆಂಡತಿ ಮೌನಿಕಾಳಿಗೆ ಎದುರು ಮಾತಾಡುವುದಿಲ್ಲ. ಇಷ್ಟೂ ಸಾಲದೆಂದು ಈಗ ತನ್ನಿಬ್ಬರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಹೊರಟಿದ್ದ. ಫೋಟೋಗೆ ಕಟ್ಟು ಹಾಕುವ ಅಂಗಡಿ ಅವನದು. ಹನ್ನೊಂದಕ್ಕೆ ಅಂಗಡಿ ಬಾಗಿಲು ತೆಗೆಯುವವರೆಗೂ ಮಕ್ಕಳ ಜೊತೆ ಆಟ, ಕಥೆ ಪುಸ್ತಕ, ಮಣ್ಣು, ಬೀಜ, ನೀರು.

ಅವನು ಏನು ಬೇಕಾದರೂ ಮಾಡಿಕೊಳ್ಳಲಿ, ರಮೇಶ್‌ಬಾಬುವಿಗೆ ಏನು ಕಷ್ಟ? ಕಷ್ಟ ಅವನ ಹೆಂಡತಿ ಭಾನುಪ್ರಿಯಾಳ ಫೋನಿನಲ್ಲಿತ್ತು. ಮೌನಿಕಾ ಅವಳ ಅಕ್ಕ. ಬೆಳಗ್ಗೆ ಎದ್ದರೆ ಅಕ್ಕನ ಸ್ಟೇಟಸ್.

“ನೋಡ್ರೀ ಇಲ್ಲಿ, ಭಾವ ಹುಣಸೆಬೀಜದಲ್ಲಿ ಮಗ್ಗಿ ಹೇಳ್ಕೊಡ್ತಾವ್ರೆ. ಎಷ್ಟು ತಾಳ್ಮೆ ಅಲ್ವಾ?”

“ನಂಗೂ ಹನ್ನೊಂದು ಗಂಟೆವರ್ಗೂ ಕೆಲಸ ಇಲ್ದೆ ಇದ್ದಿದ್ರೆ ತಾಳ್ಮೆ ಬರ್ತಿತ್ತು,” ಎಂದ ರಮೇಶ್‌ಬಾಬು, ಗಡ್ಡದ ಸೋಪು ಮೂಗಿಗೆ ಮೆತ್ತಿಕೊಂಡು.

“ಭಾನುವಾರ ನಿಮ್ಗೆ ಪೂರ್ತಿ ಕೆಲಸ ಇರಲ್ಲ. ಅವತ್ತು ತಾಳ್ಮೆ ಎಲ್ಲಿಗೆ ಹೋಗಿರ್ತದೆ?”

ಅವನು ಮೂಗಿನ ಸೋಪು ಒರೆಸಿಕೊಂಡು ಬಚ್ಚಲಿಗೆ ನಡೆದ. ಹೊಟ್ಟೆಯಲ್ಲಿ ಮಾತ್ರ ಒಲೆ ಹತ್ತಿಕೊಂಡಿತು. ಆ ಒಲೆಗೆ ತುಪ್ಪ ಸುರಿದವಳು ಯುಕೆಜಿ ಓದುವ ಮಗಳು ತನುಜ. ರಜೆಗೆ ದೊಡ್ಡಪ್ಪನ ಮನೆಗೆ ಹೋಗಿ ಬಂದವಳು, ಶಾಲೆಯ ವ್ಯಾನು ಬಂದು ಹಾರನ್ ಹೊಡೆದರೆ ಮಂಚದ ಕೆಳಗೆ ಸೇರಿಕೊಂಡಳು. “ನಾನು ಸ್ಕೂಲ್‌ಗೆ ಹೋಗಲ್ಲ. ನಂಗೆ ಮುರಳಿ ದೊಡ್ಡಪ್ಪನೇ ಬೇಕು!”

ಹೆತ್ತ ಮಗಳ ಬಾಯಲ್ಲಿ, ತನ್ನದೇ ಮಂಚದ ಕೆಳಗಿಂದ, ಆ ಹೆಸರು! ರಮೇಶ್‌ಬಾಬು ಅಲ್ಲೇ ಭೀಷ್ಮಪ್ರತಿಜ್ಞೆ ಮಾಡಿದ. ಕಚೇರಿಗೆ ರಜೆ ಹಾಕಿ, ಮಗಳಿಗೆ ತಾನೇ ಗುರುವಾದ. ಮೊದಲ ಪಾಠ ರಾಗಿಮುದ್ದೆಯ ಮೂಲಕ ಭಿನ್ನರಾಶಿ. ಅರ್ಧ ಮಾಡಿದ, ಕಾಲು ಮಾಡಿದ, ಅರೆಕಾಲು ಮಾಡುವಷ್ಟರಲ್ಲಿ ಮುದ್ದೆ ತಣ್ಣಗಾಗಿ ಕಲ್ಲಾಯಿತು.

“ಈಗ ಎಷ್ಟು ಉಳೀತು ಚಿನ್ನಿ?”

“ಸಾರು ಉಳೀತು,” ಎಂದಳು ತನುಜ. “ದೊಡ್ಡಪ್ಪ ಆದ್ರೆ ಪಾಠ ಆದ್ಮೇಲೆ ತಿನ್ನಕ್ಕೆ ಬಿಡ್ತಾರೆ.”

ಮತ್ತೆ ದೊಡ್ಡಪ್ಪ! ಗುರುಗಳು ಕೋಪದಲ್ಲಿ ಆ ಕಲ್ಲುಮುದ್ದೆಯನ್ನು ಭಾಗಗಳೆಲ್ಲ ಸೇರಿಸಿ ತಾವೇ ತಿಂದು ಮುಗಿಸಿದರು.

ಆ ವಾರಾಂತ್ಯಕ್ಕೆ ಕೆಂಚಾರ್ಲಹಳ್ಳಿಯ ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರೂ ಸಂಸಾರ ಸಮೇತ ಸೇರಬೇಕಾಗಿತ್ತು. ಮಾವ ವೆಂಕಟರಾಮಪ್ಪನವರ ರೇಷ್ಮೆಹುಳು ಇನ್ನೆರಡು ದಿನಕ್ಕೆ ಹಣ್ಣಾಗುವುದರಲ್ಲಿತ್ತು. ಹಣ್ಣಾಗುವುದು ಎಂದರೆ ಹುಳು ಸೊಪ್ಪು ತಿನ್ನುವುದು ಬಿಟ್ಟು, ಮೈ ಹೊಳಪಾಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆ ಎಂಬ ತಟ್ಟಿಗೆ ಬಿಡಬೇಕು. ಮನೆಯವರೆಲ್ಲ ಕೈ ಹಾಕಿದರೂ ಸಾಲದ ಕೆಲಸ ಅದು. ರಮೇಶ್‌ಬಾಬು ಮೆಕ್ಕೆಜೋಳ ಬೆಳೆಯುವ ಮನೆಯವನು, ಹುಳದ ವಿಷಯ ಅವನಿಗೆ ಅಷ್ಟಕ್ಕಷ್ಟೆ. ಅವನು ಹೊರಟಿದ್ದೇ ಬೇರೆ ಉದ್ದೇಶಕ್ಕೆ. ಎಲ್ಲರ ಎದುರಿಗೆ ಮಗಳ ಬಾಯಲ್ಲಿ ‘ನಮ್ಮಪ್ಪನೇ ಜಾಣ’ ಅನ್ನಿಸಬೇಕಿತ್ತು.

ಅಲ್ಲಿ ಹೋಗಿ ನೋಡಿದರೆ ಮುರಳಿಮೋಹನ ಆಗಲೇ ಜಗಲಿ ಹಿಡಿದಿದ್ದ. ಅವನ ಮಕ್ಕಳು ಪವಿತ್ರ, ಚನ್ನಕೇಶವ ರಟ್ಟಿನಲ್ಲಿ ತಾವೇ ಮಾಡಿದ ಹಾವು ಏಣಿ ಆಟ ಹರಡಿಕೊಂಡಿದ್ದರು. ತನುಜ ಬಸ್ಸಿನಿಂದ ಇಳಿದವಳೇ ಅಪ್ಪನ ಕೈ ಕೊಡವಿ ದೊಡ್ಡಪ್ಪನ ತೊಡೆ ಏರಿದಳು. ಅತ್ತೆ ವೆಂಕಟರತ್ನಮ್ಮ ದೊಡ್ಡಳಿಯನಿಗೆ ಲೋಟದಲ್ಲಿ ಮಜ್ಜಿಗೆ ಒಂದು ಗುಟುಕು ಜಾಸ್ತಿಯೇ ಕೊಟ್ಟರು. (ಲೋಟ ಒಂದೇ ಅಳತೆಯದು. ಆದರೆ ಹೊಟ್ಟೆಕಿಚ್ಚಿಗೆ ಬೇರೆಯದೇ ಅಳತೆ.)

ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ರಮೇಶ್‌ಬಾಬು ಹಿತ್ತಲಿಗೆ ಬಂದ. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳು ಬಿಸಿಲಲ್ಲಿ ಒಣಗುತ್ತಿದ್ದವು. ಬಿದಿರಿನ ದೊಡ್ಡ ತಟ್ಟಿ, ಅದರ ಮೇಲೆ ಹೊರಗಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಬರುವ ಬಿದಿರಿನ ಪಟ್ಟಿ. ಅವನ ತಲೆಯಲ್ಲಿ ಮಿಂಚು ಹೊಡೆಯಿತು. ಇದು ಹುಟ್ಟಿದ್ದೇ ಹಾವು ಏಣಿ ಆಟಕ್ಕಲ್ಲವೇ? ಷಡ್ಡಕನ ರಟ್ಟು ಇದರ ಮುಂದೆ ಯಾವ ಲೆಕ್ಕ! ಹುಳಕ್ಕೆ ಇನ್ನೂ ಎರಡು ದಿನ ಇದೆಯಲ್ಲ, ಅಷ್ಟರಲ್ಲಿ ಒರೆಸಿ ಇಟ್ಟರಾಯಿತು ಅಂದುಕೊಂಡ.

ಬಾಗಿಲಿಗೆ ಬಳಿದು ಮಿಕ್ಕಿದ್ದ ಹಸಿರು ಎನಾಮಲ್ ಬಣ್ಣದ ಡಬ್ಬ ಕೊಟ್ಟಿಗೆಯಲ್ಲಿತ್ತು. ಒಂದು ಚಂದ್ರಿಕೆಗೆ ಅಂಕಿ ಬರೆದ. ಮುರಳಿ ಮಾಡಿದ್ದೂ ಒಂದೇ ತಾನೇ ಎಂದು ಎರಡನೆಯದಕ್ಕೆ ಕನ್ನಡ ಅಕ್ಷರ, ಮೂರನೆಯದಕ್ಕೆ ಇಂಗ್ಲಿಷ್ ಅಕ್ಷರ ಬರೆದ. ಬಣ್ಣ ಮಿಕ್ಕಿತೆಂದು ನಾಲ್ಕನೆಯದರಲ್ಲಿ ಸೌರಮಂಡಲವನ್ನೇ ಸೃಷ್ಟಿಸಿದ. ಗ್ರಹಗಳೆಲ್ಲ ಹಸಿರಾದವು, ಸೂರ್ಯನೂ ಹಸಿರೇ. ಬೆಳಗ್ಗೆ ಅನಾವರಣ ಸಮಾರಂಭ ಇಟ್ಟುಕೊಳ್ಳೋಣವೆಂದು ನಾಲ್ಕನ್ನೂ ಹುಲ್ಲಿನ ಹಿಂದೆ ಬಚ್ಚಿಟ್ಟು, ಮೀಸೆಯಡಿಯಲ್ಲೇ ನಗುತ್ತ ಬಂದು ಮಲಗಿದ.

ಆದರೆ ಹುಳಕ್ಕೆ ಕ್ಯಾಲೆಂಡರ್ ಗೊತ್ತೇ? ಸೆಕೆಗೆ ಮರುದಿನ ಬೆಳಗ್ಗೆಯೇ ಹಣ್ಣಾಗಿ ಕೂತಿತು.

“ಎದ್ದೇಳ್ರಪ್ಪಾ! ಹುಳು ತಲೆ ಎತ್ತವೆ! ಚಂದ್ರಿಕೆ ತರ್ರೀ!” ವೆಂಕಟರಾಮಪ್ಪನವರ ಕೂಗಿಗೆ ಮನೆಯೇ ಎದ್ದು ಓಡಿತು. ಸ್ವಲ್ಪ ಹೊತ್ತಿಗೇ ಚಂದ್ರಿಕೆ ಕಡಿಮೆ ಬಿತ್ತು. ಹುಡುಕುತ್ತ ಹೋದ ವೆಂಕಟರತ್ನಮ್ಮ ಹುಲ್ಲಿನ ಹಿಂದಿನಿಂದ ಹಸಿರು ಸೌರಮಂಡಲವನ್ನು ಎಳೆದು ತಂದು ಅಂಗಳದ ಮಧ್ಯೆ ನಿಂತರು.

“ಇದೇಂದಿರಾ ಸಾಮೀ, ಏನಿದು! ತೊಳ್ದು ಒಣಗಿಸಿದ್ ಚಂದ್ರಿಕೆ ಇದು. ಯಾರ್ ಮಾಡಿದ್ದು ಈ ಘನಂದಾರಿ ಕೆಲಸ?”

ಕೈ ಬೆರಳೆಲ್ಲ ಹಸಿರಾಗಿದ್ದವನು ಒಬ್ಬನೇ. “ಆಟ ಅತ್ತೆ... ಮಕ್ಕಳ ಜ್ಞಾನಕ್ಕೆ... ಬಣ್ಣ ಒಣಗೈತೆ, ಏನೂ ಆಗಲ್ಲ, ನೋಡಿ ಬೇಕಾದ್ರೆ!” ಎನ್ನುತ್ತ ರಮೇಶ್‌ಬಾಬು ತಾನೇ ಒಂದು ಹಿಡಿ ಹುಳು ತಂದು ಅಂಕಿ ಚಂದ್ರಿಕೆಯ ಮೇಲೆ ಬಿಟ್ಟ. ಬೀಡಿ ಹೊಗೆಗೂ ಮುನಿಯುವ ಜಾತಿ ಅದು, ಎನಾಮಲ್ ವಾಸನೆ ಸಹಿಸುತ್ತದೆಯೇ? ತಲೆ ಕೊಡವಿ, ಪಟ್ಟಿ ದಾಟಿ, ಅಂಚಿಗೆ ಬಂದು, ಚಂದ್ರಿಕೆ ಹಿಡಿದಿದ್ದ ಅವನ ಕೈಯನ್ನೇ ಸೇತುವೆ ಮಾಡಿಕೊಂಡು ಮೇಲೆ ಹತ್ತಿದವು. ಒಂದು ಹುಳು ಅಂಗಿಯ ಕಾಲರಿನ ಮಡಿಕೆ ಸೇರಿ, ಇದೇ ವಾಸಿಯೆಂದು ನೂಲು ತೆಗೆಯತೊಡಗಿತು.

“ಹುಲಿಯನ್ನ ನೋಡಿ ನರಿ ಬರೆ ಹಾಕ್ಕೊಂಡಂಗಾಯ್ತು,” ಎಂದಳು ಭಾನುಪ್ರಿಯಾ, ಹಣೆ ಚಚ್ಚಿಕೊಂಡು. “ಅಕ್ಕನ ಮುಂದೆ ನನ್ನ ಮಾನ ಕಳೆದ್ರಿ.”

ವೆಂಕಟರಾಮಪ್ಪನವರ ಮುಖ ಕೆಂಪಾಯಿತು. ಅಳಿಯನಿಗೆ ಈವರೆಗೆ ಒಂದೂ ಗದರಿಕೆಯ ಮಾತು ಆಡದಿದ್ದವರು ಈಗ ಬಾಯಿ ತೆರೆದರು. ಅಷ್ಟರಲ್ಲಿ ಮುರಳಿಮೋಹನ ಓಡಿ ಬಂದು ಮಕ್ಕಳನ್ನು ಸುತ್ತ ಕೂರಿಸಿದ.

“ಮಕ್ಕಳೇ, ಬನ್ನಿ ಬನ್ನಿ! ಚಿಕ್ಕಪ್ಪ ನಿಮಗೋಸ್ಕರ ಪ್ರಯೋಗ ಮಾಡವ್ರೆ. ಬಣ್ಣದ ಚಂದ್ರಿಕೆಯಲ್ಲಿ ಹುಳು ನಿಲ್ತಾ ಇಲ್ಲ, ಬರೀ ಚಂದ್ರಿಕೆಯಲ್ಲಿ ನಿಲ್ತವೆ. ಯಾಕೆ ಹೇಳಿ?”

“ವಾಸ್ನೆ!” ಎಂದಳು ಪವಿತ್ರ.

“ಹುಳಕ್ಕೂ ಮೂಗೈತಾ?” ಎಂದ ಚನ್ನಕೇಶವ.

ತನುಜ ಕಣ್ಣರಳಿಸಿ ಅಪ್ಪನ ಕಾಲರನ್ನೇ ನೋಡುತ್ತಿದ್ದಳು. ವೆಂಕಟರಾಮಪ್ಪನವರ ತೆರೆದ ಬಾಯಿಂದ ಬೈಗುಳದ ಬದಲು ನಗು ಬಂತು. “ಹೋಗ್ಲಿ ಬಿಡಮ್ಮ ರತ್ನ, ಮಕ್ಕಳು ಏನೋ ಕಲೀತಾವೆ. ಪಕ್ಕದ ಕೊಂಡಮ್ಮನ ಮನೇಲಿ ಚಂದ್ರಿಕೆ ಕೇಳಣ.”

ರಮೇಶ್‌ಬಾಬು ಕೊಂಡಮ್ಮನ ಮನೆಯಿಂದ ಚಂದ್ರಿಕೆಗಳನ್ನು ತಲೆಯ ಮೇಲೆ ಹೊತ್ತು ತಂದ. ಬೈಸಿಕೊಂಡಿದ್ದರೆ ಸಹಿಸಬಹುದಿತ್ತು. ಮಾವ ಎರಡೇಟು ಹಾಕಿದ್ದರೂ ಮರೆಯಬಹುದಿತ್ತು. ಆದರೆ ಆ ಷಡ್ಡಕ, ಎಲ್ಲರ ಎದುರಿಗೆ, ನಗುನಗುತ್ತ ತನ್ನನ್ನು ಕಾಪಾಡಿಬಿಟ್ಟನಲ್ಲ! ಇದನ್ನು ಯಾವ ಜನ್ಮದಲ್ಲಿ ತೀರಿಸುವುದು? ಹೊಟ್ಟೆಯ ಉರಿಗೆ ಅವನಿಗೆ ಮಧ್ಯಾಹ್ನದ ಹೋಳಿಗೆಯೂ ರುಚಿಸಲಿಲ್ಲ. (ಮೂರು ತಿಂದ. ಯಾವುದೂ ರುಚಿಸಲಿಲ್ಲ.)

ಊರಿಗೆ ಹಿಂತಿರುಗುವಾಗ ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ತನುಜ ಅಪ್ಪನ ತೊಡೆ ಏರಿ, ಬಹಳ ಗಂಭೀರವಾಗಿ ಅವನ ಗಲ್ಲ ಹಿಡಿದಳು.

“ಅಪ್ಪಾ, ನಾನು ಸೋಮವಾರದಿಂದ ಸ್ಕೂಲ್‌ಗೆ ಹೋಗ್ತೀನಿ.”

ರಮೇಶ್‌ಬಾಬುವಿಗೆ ಕಣ್ಣು ತುಂಬಿತು. ಕೊನೆಗೂ ಗೆದ್ದೆ! ಮಗಳು ಆ ದೊಡ್ಡಪ್ಪನನ್ನು ಬಿಟ್ಟಳು! “ನನ್ ಬಂಗಾರಿ! ದೊಡ್ಡಪ್ಪನ ಪಾಠ ಬೇಡ್ವಾ?”

“ದೊಡ್ಡಪ್ಪಂಗೆ ನಾಲ್ಕು ಜನ ಆದ್ರೆ ಕಷ್ಟ ಅಲ್ವಾ?” ಎಂದಳು ತನುಜ, ಅವನ ಬೆನ್ನು ಸವರುತ್ತ. “ಅದಕ್ಕೇ ನನ್ನ ಜಾಗ ನಿಂಗೆ ಕೊಡಿ ಅಂತ ಹೇಳಿ ಬಂದಿದೀನಿ. ಅವರು ಬೈಯಲ್ಲ ಅಪ್ಪಾ, ನಿಧಾನಕ್ಕೆ ಹೇಳ್ಕೊಡ್ತಾರೆ.”

“ಭಾನುವಾರ ನಿಮ್ಗೆ ಹೆಂಗೂ ರಜೆ,” ಎಂದಳು ಭಾನುಪ್ರಿಯಾ ಬಸ್ಸಿನ ಕಡೆ ನೋಡುತ್ತ. “ಡಬ್ಬಿ ಕಟ್ಟಿಕೊಡ್ತೀನಿ.”