ತೂತಿಲ್ಲದ ಚಿಮಣಿ ಮತ್ತು ನಮ್ಮ ಕಾಕಾ

ಹೊಗೆ ಕಂಡರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಕಾಕಾ ಕನ್ನಡಕ ಹಾಕಿಕೊಳ್ಳುತ್ತಾರೆ! ಮದುವೆ ಮನೆಗೆ ಹೋದರೆ ಅಕ್ಷತೆ ಹಾಕುವ ಮೊದಲು ಹಿತ್ತಲಿಗೆ ಹೋಗಿ ಅಡುಗೆಯವರ ಒಲೆ ನೋಡಿ ಬರಬೇಕು. "ಉರಿ ಚಲೋ ಐತಿ, ಹೊಗಿ ತೆಳ್ಳಗೈತಿ" ಎಂದರೆ ಆ ಮದುವೆ ಸುಸೂತ್ರವಾಯಿತು ಎಂದೇ ಲೆಕ್ಕ. ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ನಡೆದುಕೊಂಡು ಹೊರಟಾಗ ನಾವೆಲ್ಲ ದಾನಮ್ಮದೇವಿಯ ನಾಮ ಹೇಳುತ್ತ ಹೋಗುತ್ತಿದ್ದರೆ, ಈ ಮಹಾಶಯರು ಒಂದು ಟ್ರ್ಯಾಕ್ಟರಿನ ಹೊಗೆಯ ಬೆನ್ನು ಹತ್ತಿ ಅರ್ಧ ಕಿಲೋಮೀಟರು ಓಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಅಡ್ಡಗಟ್ಟಿ, "ನಿನ್ನ ಗಾಡಿ ಡೀಸೆಲ್ ಕುಡ್ಯಾಕತ್ತಿಲ್ಲೋ ಮಾರಾಯಾ, ಉಗಳಾಕತ್ತೈತಿ" ಎಂದು ಬುದ್ಧಿ ಹೇಳಿ ಬಂದ ಮೇಲೆಯೇ ದೇವಿಯ ಕಡೆಗೆ ಲಕ್ಷ್ಯ!

ಹುಚ್ಚು ಎನ್ನಬೇಡಿ. ಇದಕ್ಕೆ ಅವರಿಗೆ ಸಂಬಳ ಕೊಡುತ್ತಾರೆ. ಕಾರಖಾನೆಗಳ ಚಿಮಣಿ ಹತ್ತಿ ಹೊಗೆಯನ್ನು ಅಳೆಯುವ ಒಂದು ಖಾಸಗಿ ಪ್ರಯೋಗಶಾಲೆಯಲ್ಲಿ ಅವರು ನೌಕರ. ಕೆಲಸ ಕೇಳಲು ಸರಳ. ಬೆರಳುದ್ದದ ಒಂದು ಕಾಗದದ ಕೊಳವೆ. ಒಂದು ತುದಿ ಮುಚ್ಚಿದ್ದು, ಕೂಸಿನ ಕಾಲುಚೀಲದ ಹಾಗೆ. ಅದನ್ನು ಒಣಗಿಸಿ ತೂಗಬೇಕು. ಉಕ್ಕಿನ ನಳಿಗೆಯಲ್ಲಿಟ್ಟು ಚಿಮಣಿಯ ತೂತಿನೊಳಗೆ ತೂರಿಸಿ, ಪಂಪು ಹಚ್ಚಿ ಹೊಗೆ ಎಳೆಯಬೇಕು. ತಿರುಗಿ ತಂದು, ಒಣಗಿಸಿ, ಮತ್ತೆ ತೂಗಬೇಕು. ತೂಕ ಎಷ್ಟು ಏರಿತೋ ಅಷ್ಟು ಆ ಕಾರಖಾನೆಯ ಪಾಪ! ಚಿತ್ರಗುಪ್ತನ ಕಚೇರಿಯಲ್ಲೂ ಇಷ್ಟು ಸೂಕ್ಷ್ಮ ತಕ್ಕಡಿ ಇರಲಿಕ್ಕಿಲ್ಲ.

ಇದರಲ್ಲೊಂದು ಕಟ್ಟಳೆಯುಂಟು. ಚಿಮಣಿಯಲ್ಲಿ ಹೊಗೆ ಯಾವ ವೇಗದಲ್ಲಿ ಏರುತ್ತದೋ ಅದೇ ವೇಗದಲ್ಲಿ ನಳಿಗೆಯೂ ಎಳೆಯಬೇಕು. ಹೆಚ್ಚು ಎಳೆದರೂ ಲೆಕ್ಕ ಸುಳ್ಳು, ಕಡಿಮೆ ಎಳೆದರೂ ಸುಳ್ಳು. ಮೂವತ್ತು ವರ್ಷ ಇದನ್ನೇ ಮಾಡಿ ಮಾಡಿ ಕಾಕಾನ ಮಾತಿಗೂ ಈ ರೋಗ ಅಂಟಿದೆ. ಮಹಾರಾಷ್ಟ್ರದ ಗಡಿಯ ನಮ್ಮ ಜತ್ತಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಭರಭರ ಮರಾಠಿ ಉದುರಿಸಿದರೆ ಇವರೂ ಭರಭರ. ಊರ ಹಿರಿಯರು ಒಂದೊಂದು ಶಬ್ದಕ್ಕೂ ಎಲೆಗೆ ಸುಣ್ಣ ಹಚ್ಚುತ್ತ ಮಾತಾಡಿದರೆ ಇವರೂ ಅಷ್ಟೇ ಸಾವಕಾಶ. ಅವರ ಹೆಂಡತಿ, ಅಂದರೆ ನಮ್ಮ ಕಾಕು, ಜಗಳಕ್ಕೆ ನಿಂತಾಗ ಮಾತ್ರ ಈ ವಿದ್ಯೆ ನಡೆಯುವುದಿಲ್ಲ. ಆ ವೇಗಕ್ಕೆ ಎಳೆಯುವ ಪಂಪು ಇನ್ನೂ ಪೇಟೆಗೆ ಬಂದಿಲ್ಲವಂತೆ!

ಕಾಕು ಜಗಳಕ್ಕೆ ನಿಲ್ಲದೆ ಇನ್ನೇನು ಮಾಡಬೇಕು ಹೇಳಿ? ಮನೆಯಲ್ಲಿ ಗ್ಯಾಸ್ ಇದ್ದರೂ ಜೋಳದ ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೇ ಆಗಬೇಕು ಎಂಬುದು ಕಾಕುವಿನ ಹಟ. ಒಂದು ರವಿವಾರ ಕಾಕಾ ಅಡುಗೆಮನೆಯ ಹೊಗೆಕೊಳವೆಗೇ ತೂತು ಕೊರೆದರು. ನಳಿಗೆ ತೂರಿಸಿ, ಗಡಿಯಾರ ಹಿಡಿದು ಕೂತು, "ಇನ್ನ ಇಪ್ಪತ್ತು ನಿಮಿಷ ಉರಿ ಕಡಿಮಿ-ಜಾಸ್ತಿ ಮಾಡಬ್ಯಾಡ" ಎಂದರು.

"ಮತ್ತ ರೊಟ್ಟಿ ಹೊತ್ತಿದ್ರ?"

"ಹೊತ್ತಲಿ. ರೊಟ್ಟಿ ನಾಳೆನೂ ಮಾಡಬಹುದು."

ಮೂರನೆಯ ದಿನ ವರದಿ ಬಂತು. ಒಲೆ ನಾಪಾಸು! ಕಾಕಾ ಸ್ವಂತ ಹೆಂಡತಿಗೆ ಕಾಗದದ ಮೇಲೆ ನೋಟೀಸು ಕೊಟ್ಟರು: ಏಳು ದಿನದೊಳಗೆ ವಿವರಣೆ ಸಲ್ಲಿಸತಕ್ಕದ್ದು. ಕಾಕು ಏಳು ದಿನ ಕಾಯಲಿಲ್ಲ. ಅದೇ ಮಧ್ಯಾಹ್ನ ಗಂಡನ ತಾಟಿನಲ್ಲಿ ಆ ನೋಟೀಸನ್ನೇ ಮಡಚಿ, ಪಕ್ಕಕ್ಕೆ ಶೇಂಗಾ ಚಟ್ನಿ ಇಟ್ಟು ಬಡಿಸಿದರು.

ಹೀಗೆ ನಗುನಗುತ್ತ ಇದ್ದ ಮನೆಗೆ ನಾಲ್ಕು ವರ್ಷದ ಹಿಂದೆ ಒಂದು ಡಾಂಬರ್ ಪ್ಲಾಂಟ್ ಗಂಟುಬಿತ್ತು. ಊರಿನ ಪಡುವಣಕ್ಕೆ, ಕಾಕಾನ ಮನೆಯಿಂದ ಎರಡು ಹೊಲ ಆಚೆ. ಜಲ್ಲಿಕಲ್ಲಿನ ಖಡಿ ಕಾಯಿಸಿ ಡಾಂಬರು ಕಲಸಿ ರಸ್ತೆಗೆ ಕಳಿಸುವ ಕಾರಖಾನೆ. ಪಡುಗಾಳಿ ಬೀಸಿತೆಂದರೆ ಅದರ ಕರಿಹೊಗೆ ನೇರವಾಗಿ ಕಾಕುವಿನ ಅಂಗಳಕ್ಕೆ. ಒಣಹಾಕಿದ ಸೀರೆಯ ಮೇಲೆ ಮಸಿ, ಸಂಡಿಗೆಯ ಮೇಲೆ ಮಸಿ. ಮೊದಲು ಕೆಮ್ಮು ಎಂದರು, ಆಮೇಲೆ ದಮ್ಮು. ಹೋದ ವರ್ಷ ಮಿರಜದ ಡಾಕ್ಟರು ಸ್ಪಷ್ಟವಾಗಿ ಹೇಳಿಬಿಟ್ಟರು: "ಇಲ್ಲಾ ಆ ಹೊಗಿ ಊರು ಬಿಡಬೇಕು, ಇಲ್ಲಾ ನೀವು ಊರು ಬಿಡಬೇಕು." ಊರು ಬಿಡುವುದೆಂದರೆ ಸೋಲಾಪುರದ ಮಗಳ ಮನೆಗೆ ಹೋಗುವುದು. ನಲವತ್ತು ವರ್ಷದ ಸಂಸಾರ ಬಿಟ್ಟು, ಕಾಕಾನನ್ನು ಬಿಟ್ಟು!

ಅಷ್ಟರಲ್ಲಿ ಪ್ಲಾಂಟಿನ ಪರವಾನಗಿ ಮುಗಿಯಲು ಬಂದಿತ್ತು. ನಾವು ಓಣಿಯವರೆಲ್ಲ ಸೇರಿ ತಕ್ರಾರು ಅರ್ಜಿ ಕೊಟ್ಟೆವು. ಪರವಾನಗಿ ಕೊಡುವ ಮಾಲಿನ್ಯ ನಿಯಂತ್ರಣ ಕಚೇರಿಯವರು, ಹೊಗೆಯ ತಪಾಸಣೆ ಆಗಲಿ, ಪಾಸಾದರೆ ಪ್ಲಾಂಟಿಗೆ ಇನ್ನೂ ಐದು ವರ್ಷ ಪರವಾನಗಿ ಎಂದರು. ಅಂದರೆ ಹೊಗೆ ಪಾಸಾದರೆ ಕಾಕು ಸೋಲಾಪುರಕ್ಕೆ. ತಪಾಸಣೆಯ ಕೆಲಸ ಬಂದದ್ದು ಯಾರ ಪ್ರಯೋಗಶಾಲೆಗೆ ಅಂತೀರಿ? ನಮ್ಮ ಕಾಕಾನದಕ್ಕೇ!

ನಾವು ಕುಣಿದಾಡಿದೆವು. ಕಾಕಾ ಮಾತ್ರ ತಮ್ಮ ಪ್ರಯೋಗಶಾಲೆಯ ಸಾಹೇಬರ ಮುಂದೆ ಹೋಗಿ ನಿಂತರು.

"ನನ್ನ ಮನಿ ಅದರ ಬಾಜೂಕ ಐತ್ರಿ. ನಾ ತಪಾಸ್ಣಿ ಮಾಡೂದು ಸರಿ ಅಲ್ಲ. ಬ್ಯಾರೆದವರ್ನ ಕಳಸ್ರಿ."

"ಬ್ಯಾರೆದವರ್ಗೆ ಚಿಮಣಿ ಹತ್ತಾಕ ಬರಂಗಿಲ್ರಿ."

"ಮತ್ತ ಅವ್ರು ಇಷ್ಟು ವರ್ಷ ರಿಪೋರ್ಟ್ ಹ್ಯಾಂಗ ಕೊಟ್ಟಾರ್ರಿ?"

"ಅದನ್ನ ನೀವು ಕೇಳಬ್ಯಾಡ್ರಿ, ನಾ ಹೇಳಬಾರ್ದು," ಎಂದರು ಸಾಹೇಬರು. ಕೊನೆಗೆ ಕಾಕಾ 'ನನ್ನ ಮನೆ ಪ್ಲಾಂಟಿನ ಪಕ್ಕದಲ್ಲಿದೆ' ಎಂದು ಕಡತದಲ್ಲಿ ಬರೆಸಿ, ಸಾಹೇಬರ ಸಹಿ ಹಾಕಿಸಿಕೊಂಡೇ ಹೊರಟರು.

ನಾನು ಮಾಸ್ತರ. ಸಾಲೆಗೆ ರಜೆಯಿತ್ತು, ತಮಾಷೆ ನೋಡಲು ಜೊತೆಗೆ ಹೋದೆ. ಪ್ಲಾಂಟಿನ ಮಾಲಕರು ಭಾಳ ಸಜ್ಜನರು. ಖುರ್ಚಿ ಹಾಕಿಸಿದರು, ಚಹಾ ತರಿಸಿದರು, ಬೇರೆ ಪ್ರಯೋಗಶಾಲೆಯವರು ಕೊಟ್ಟ ಹಿಂದಿನ ಎಂಟು ವರದಿಗಳ ಫೈಲು ಮುಂದಿಟ್ಟರು. ಎಂಟೂ ಪಾಸು! ಕಾಕಾ ಫೈಲು ಮುಟ್ಟಲಿಲ್ಲ. ಚಿಮಣಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಬಂದು ಕೇಳಿದರು:

"ಹೋಲ್ ಎಲ್ಲೈತ್ರಿ?"

"ಎಂಥಾ ಹೋಲ್ ರಿ?"

"ನಳಿಗಿ ಹಾಕಾಕ ಚಿಮಣಿಗೆ ಒಂದು ತೂತು ಇರಬೇಕಲ್ರಿ. ಹತ್ತಾಕ ನಿಚ್ಚಣಿಕಿ ಇರಬೇಕು, ನಿಂದ್ರಾಕ ಕಟ್ಟಿ ಇರಬೇಕು. ಏನೂ ಇಲ್ಲಲ್ಲ! ಹಿಂದಿನವ್ರು ಎಂಟು ಸಲ ಹೊಗಿ ಎಲ್ಲಿಂದ ತಗೊಂಡ್ರು?"

ಮಾಲಕರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅತ್ಯಂತ ಪ್ರಾಮಾಣಿಕವಾಗಿ ನಾವು ಕೂತ ಜಾಗ ತೋರಿಸಿ, "ಇಲ್ಲೇ ರಿ, ಇದ ಖುರ್ಚಿ ಮ್ಯಾಲ. ಚಾ ಕುಡಿಯೂದರಾಗ ಮುಗಸ್ತಿದ್ರು" ಎಂದರು. ಅವರ ಮುಖದಲ್ಲಿ ಕಪಟದ ಸುಳಿವೂ ಇರಲಿಲ್ಲ. ಪಾಪ, ಹೊಗೆಯ ತಪಾಸಣೆಯೆಂದರೆ ಹೀಗೇ ಇರುತ್ತದೆ ಎಂದು ಆ ಮನುಷ್ಯ ನಿಜವಾಗಿ ನಂಬಿಕೊಂಡಿದ್ದ! ನಾಲ್ಕು ವರ್ಷ ತೂತಿಲ್ಲದ ಚಿಮಣಿಯ ಹೊಗೆ ಫೈಲಿನಲ್ಲಿ ಶುದ್ಧವಾಗುತ್ತ ಬಂದಿತ್ತು.

ಕಾಕಾ ಚಾಕ್ ತೆಗೆದುಕೊಂಡು, ಹೊಗೆ ಸುಳಿ ಸುತ್ತದೆ ನೆಟ್ಟಗೆ ಏರುವ ಎತ್ತರ ಲೆಕ್ಕ ಹಾಕಿ ಗುರುತು ಮಾಡಿಸಿದರು. ವೆಲ್ಡರ್ ಬಂದ, ತೂತಾಯಿತು, ನಿಚ್ಚಣಿಕೆಯಾಯಿತು, ನಿಲ್ಲಲು ಕಟ್ಟೆಯಾಯಿತು. ಇನ್ನು ತಪಾಸಣೆಗೆ ಎಂಟು ದಿನ ಮುಂಚೆ ತಿಳಿಸಬೇಕೆಂಬುದು ರೂಢಿ. ಕಳ್ಳನಿಗೆ ಮುಹೂರ್ತ ಕೇಳಿ ಹಿಡಿಯಲು ಹೋಗುವ ಪೊಲೀಸರನ್ನು ಬೇರೆ ಎಲ್ಲಾದರೂ ನೋಡಿದ್ದೀರಾ?

ತಪಾಸಣೆಯ ದಿನ ಪ್ಲಾಂಟು ಗುರುತೇ ಸಿಗಲಿಲ್ಲ. ಗೇಟಿಗೆ ಬಾಳೆಕಂಬ, ಚೆಂಡುಹೂವು. ಕಲ್ಲುಗಳಿಗೆ ಸುಣ್ಣ. ದಿನಾಲೂ ಸುಡುತ್ತಿದ್ದ ಕಪ್ಪು ಎಣ್ಣೆಯ ಪೀಪಾಯಿಗಳು ಮೂಲೆಯಲ್ಲಿ ತಾಡಪತ್ರಿ ಹೊದ್ದು ಮಲಗಿದ್ದವು; ಅವತ್ತು ಉರಿದದ್ದು ಹೊಚ್ಚ ಹೊಸ ಡೀಸೆಲ್. ಯಂತ್ರ ಬಸುರಿ ಹೆಂಗಸಿನಂತೆ ಮೆಲ್ಲಗೆ ನಡೆಯಿತು. ಚಿಮಣಿಯಿಂದ ಹೊರಟದ್ದು ಹೊಗೆಯೋ, ಊದಿನಕಡ್ಡಿಯ ಸುಗಂಧವೋ! ಕಾಕಾ ಶಿಸ್ತಾಗಿ ಮೇಲೆ ಹತ್ತಿ, ಎಳೆದು, ಇಳಿದು, ತೂಗಿದರು. ಪಾಸು. ಅದೂ ಭರ್ಜರಿ ಪಾಸು.

ಅವರ ಮನೆಯಲ್ಲಿ ಇದನ್ನು ಕೇಳಿ ನನ್ನ ಪಿತ್ತ ನೆತ್ತಿಗೇರಿತು. "ಕಾಕಾ, ಇದು ನಾಟಕ ಅನ್ನೂದು ನಿಮಗ ಕಾಣಂಗಿಲ್ಲೇನ್ರಿ? ಒಂದು ಸೊನ್ನಿ ಜಾಸ್ತಿ ಬರೀರಿ! ಯಾರ್ಗೆ ಗೊತ್ತಾಗ್ತೈತಿ? ಕಾಕು ಜೀವದ ಪ್ರಶ್ನಿ ಐತಿ."

"ಕಾಗದಕ್ಕ ಎಷ್ಟು ಬೂದಿ ಹತ್ತೈತಿ, ಅಷ್ಟ ಬರೀತೀನಿ."

"ಹಿಂದಿನವ್ರು ಸುಳ್ಳು ಬರದಿಲ್ಲೇನು?"

"ಬರದಾರ. ಅವ್ರು ಮಾಲಕರ ಸಲುವಾಗಿ ಬರದ್ರು, ನಾ ನನ್ನ ಹೇಣ್ತಿ ಸಲುವಾಗಿ ಬರದೆ ಅಂತ ತಿಳಿ. ಆಮ್ಯಾಗ ತಕ್ಕಡಿ ಯಾಕ ಬೇಕಪಾ? ಪೆನ್ನ ಸಾಕಲ್ಲ."

ಕಾಕು ಒಳಗೆ ಕೂತು ಎಲ್ಲ ಕೇಳಿಸಿಕೊಂಡರು. ಜಗಳವಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮರುದಿನದಿಂದ ಉಪ್ಪಿನಕಾಯಿ ಭರಣಿಗಳನ್ನು ನೆರೆಮನೆಗೆ ಹಂಚತೊಡಗಿದರು.

ಆದರೆ ವರದಿ ಬರೆಯುವ ಫಾರ್ಮಿನ ಕೊನೆಯಲ್ಲಿ ಒಂದು ರಕಾನೆ, ಅಂದರೆ ಕಾಲಮ್ಮು, ಇದೆ. ತಪಾಸಣೆಯ ಹೊತ್ತಿಗೆ ಕಾರಖಾನೆ ಎಷ್ಟು ನಡೆದಿತ್ತು, ಏನು ಸುಡುತ್ತಿತ್ತು ಎಂಬುದನ್ನು ಬರೆಯುವ ಜಾಗ. ಅದನ್ನು ಯಾರೂ ತುಂಬುವುದಿಲ್ಲ. ಕಾಕಾ ತುಂಬಿದರು: 'ಯಂತ್ರ ಕಾಲುಭಾಗ ಮಾತ್ರ ನಡೆದಿತ್ತು. ಹೊಸ ಡೀಸೆಲ್ ಸುಟ್ಟರು. ಮೂಲೆಯಲ್ಲಿ ತಾಡಪತ್ರಿಯ ಕೆಳಗೆ ಕಪ್ಪು ಎಣ್ಣೆಯ ಹನ್ನೊಂದು ಪೀಪಾಯಿಗಳಿದ್ದವು, ಅವುಗಳನ್ನು ತೆರೆಯಲಿಲ್ಲ.'

ಈ ಮೂರು ಸಾಲಿಗೆ ಆದ ರಾದ್ಧಾಂತ ಅಷ್ಟಿಷ್ಟಲ್ಲ. ಸಾಹೇಬರು ಓಡಿಬಂದರು. "ಪಾಸ್ ಅಂತ ಬರದೀರಿ, ಮತ್ತ ಈ ಪುರಾಣ ಯಾಕ್ರಿ? ಆ ರಕಾನಿ ಖಾಲಿ ಬಿಡ್ರಿ, ಎಲ್ಲಾರೂ ಬಿಡ್ತಾರ."

"ಅದನ್ನ ಬಿಟ್ರ ಅಳತಿ ಅರ್ಧಾ ಆಗ್ತೈತ್ರಿ. ಬೇಕಂದ್ರ ನೌಕರಿ ಬಿಡಸ್ರಿ, ರಕಾನಿ ಬಿಡಂಗಿಲ್ಲ."

ಬಿಡಿಸಬಹುದಿತ್ತು. ಆಮೇಲೆ ಚಿಮಣಿ ಹತ್ತುವವರು ಯಾರು? ವರದಿ ಹಾಗೆಯೇ ಹೋಯಿತು. ಕಚೇರಿಯಲ್ಲಿ ಅಷ್ಟು ವರ್ಷ ಕಣ್ಣುಮುಚ್ಚಿ ಠಸ್ಸೆ ಹೊಡೆಯುತ್ತಿದ್ದ ಅಧಿಕಾರಿಗೆ, ತುಂಬಿದ ರಕಾನೆ ನೋಡಿ ಗಾಬರಿಯಾಗಿರಬೇಕು. ಓದಿಯೇಬಿಟ್ಟರು! ಈ ಅಳತೆ ನಡೆಯುವುದಿಲ್ಲ, ಯಂತ್ರ ಪೂರ್ತಿ ಓಡುವಾಗ, ಮುಂಚೆ ತಿಳಿಸದೆ ಮತ್ತೊಮ್ಮೆ ಅಳೆಯಿರಿ ಎಂದು ಹುಕುಮು ಬಂತು.

ಇಪ್ಪತ್ತು ದಿನದ ಮೇಲೆ ಒಂದು ಮುಂಜಾನೆ, ಪಡುಗಾಳಿಗೆ ಕಾಕು ಕೂತಲ್ಲೇ ಉಸಿರಿಗೆ ತಿಣುಕುತ್ತಿದ್ದಾಗ, ಕಾಕಾ ಅಳತೆಯ ಸಾಮಾನಿನ ಪೆಟ್ಟಿಗೆ ಎತ್ತಿಕೊಂಡರು. ಪ್ಲಾಂಟು ಗುಡುಗುಡು ಓಡುತ್ತಿತ್ತು. ಪೀಪಾಯಿಗಳು ತಾಡಪತ್ರಿ ಬಿಟ್ಟು ಹೊರಗೆ ಬಂದಿದ್ದವು. ಮಾಲಕರು ಚಹಾ ಎಂದರು. ಕಾಕಾ ಆಗಲೇ ನಿಚ್ಚಣಿಕೆಯ ಮೇಲಿದ್ದರು. ಐವತ್ತೆಂಟರ ಮೊಣಕಾಲು, ಮುಖಕ್ಕೆ ರಾಚುವ ಹೊಗೆ. ಕೆಳಗೆ ನಾನು ಗಡಿಯಾರ ಹಿಡಿದು ನಿಮಿಷ ಕೂಗುತ್ತಿದ್ದೆ. ಕೊಳವೆ ಹೊರಗೆ ಬಂದಾಗ ನೇರಳೆಹಣ್ಣಿನಷ್ಟು ಕಪ್ಪು!

ಇನ್ನು ಗೆದ್ದೆವು ಅಂದುಕೊಂಡರೆ, ಕಾಕಾ ಪೆಟ್ಟಿಗೆಯಿಂದ ಇನ್ನೊಂದು ಬಿಳಿ ಕೊಳವೆ ತೆಗೆದರು. ಚಿಮಣಿಯೊಳಗೆ ಹೋಗದೆ ಸುಮ್ಮನೆ ನಮ್ಮ ಜೊತೆ ಹೋಗಿ ಬಂದ ಕೊಳವೆ. ಅದನ್ನೂ ತೂಗಿದರು. ಕೂದಲೆಳೆಯಷ್ಟು ಹೆಚ್ಚಾಗಿತ್ತು. ಅಷ್ಟನ್ನು ಮಾಲಕರ ಲೆಕ್ಕದಿಂದ ಕಳೆದರು!

"ಇದೇನ್ರಿ ಕಾಕಾ, ಅವರ ಪಾಪಾ ಕಡಿಮಿ ಮಾಡಾಕತ್ತೀರಿ?"

"ಇದು ಹವಾದಾಗಿನ ಧೂಳೋ ತಮ್ಮಾ. ಅವರ್ದಲ್ಲ. ಅವರ್ದಲ್ಲದ್ದನ್ನ ಅವರ ಮ್ಯಾಲ ಹಾಕಬಾರ್ದು."

ಕಳೆದ ಮೇಲೂ ಅದು ಮಿತಿಯ ಎಷ್ಟೋ ಪಟ್ಟು ಮೇಲಿತ್ತು. ಪ್ಲಾಂಟಿಗೆ ಬೀಗ ಬಿತ್ತು. ಹೊಗೆಯ ಧೂಳು ಹಿಡಿಯುವ ಯಂತ್ರ ಕೂಡಿಸಿ ಮತ್ತೆ ಪಾಸಾಗುವವರೆಗೆ ತೆರೆಯುವಂತಿಲ್ಲ.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಕಾಕು ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಪಡುಗಾಳಿ ಬೀಸುತ್ತಿತ್ತು, ಅವರಿಗೆ ಅದರ ಖಬರೇ ಇರಲಿಲ್ಲ. ಕಾಕಾ ಹೊರಗೆ ಬೇವಿನ ಗಿಡದ ಕೆಳಗೆ ಪಂಪು ಬಿಚ್ಚಿಕೊಂಡು ಕೂತಿದ್ದರು. ನಾನು ಮೆಲ್ಲಗೆ ಕೇಳಿದೆ: "ಕಾಕು, ಅವತ್ತ ಕಾಕಾ ಪಾಸ್ ಅಂತ ಬರದಾಗ ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಬರದ ಬಿಡ್ತೈತೇನೋ? ಕುತಗಿಮಟ ಬಂದಿತ್ತು," ಎಂದರು ಕಾಕು. "ಸಹಿ ಮಾಡಿ ಬಂದಾವ್ರು, ಸೀದಾ ಹಿತ್ತಲ್ದಾಗ ಹೋಗಿ ಫೋನ್ ಹಚ್ಚಿದ್ರು. ಮತ್ತ ಯಾವದೋ ಚಿಮಣಿ ಸುದ್ದಿ ಇರಬೇಕು, ಬೈಯೂಣು ಅಂತ ಹೋದೆ. ಸೋಲಾಪುರಕ್ಕ ಹಚ್ಚಿದ್ರು. ಅಳಿಯಂದ್ರಿಗೆ."

ನಮ್ಮ ಕಾಕಾನ ಒಂದು ಮಾತು ನಿಮಗೆ ಹೇಳಬೇಕು. ಮಗಳನ್ನು ಕೊಟ್ಟು ಹನ್ನೊಂದು ವರ್ಷವಾದರೂ ಆ ಮನೆಯಲ್ಲಿ ಒಂದು ರಾತ್ರಿ ತಂಗಿದವರಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಬಿದ್ದುಕೊಳ್ಳುವುದು ತಂದೆಗೆ ಮರ್ಯಾದೆಯಲ್ಲ ಎಂದು ಮೊಮ್ಮಗನ ಹೆಸರಿಡುವ ದಿನವೂ ಸಂಜೆಯ ಬಸ್ಸಿಗೆ ತಿರುಗಿ ಬಂದ ಮನುಷ್ಯ.

"ಏನಂದ್ರು ಗೊತ್ತೈತೇನು?" ಕಾಕು ಮೊರದಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿದರು. "'ನಾ ಬರದ ಕಾಗದದ ಸಲುವಾಗಿ ಇಕಿ ಮನಿ ಬಿಡಾಕತ್ತಾಳ್ರಿ. ಇಕಿ ಒಬ್ಬಾಕಿನ್ನ ಕಳಸಾಕ ನನ್ನ ಕಡಿಂದ ಆಗಂಗಿಲ್ಲ. ನಿಮ್ಮ ಮನ್ಯಾಗ ನನಗೂ ಒಂದೀಟು ಜಾಗಾ ಆಗ್ತೈತೇನ್ರಿ?' ಅಂತ ಕೇಳಾಕತ್ತಿದ್ರು. ಕೈ ಮುಗದು ಕೇಳಾಕತ್ತಿದ್ರಪಾ, ಫೋನಿನ ಮುಂದ."

ಕಾಕು ಮೊರ ಬದಿಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ವರ್ಷ ಆ ಮನುಷ್ಯನನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಎದ್ದು ಹೊರಗೆ ಹೋಗಿ, ಬೇವಿನ ಗಿಡದ ಕೆಳಗೆ ಕೂತಿದ್ದ ಕಾಕಾನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ಯಾಕೋ ತಮ್ಮಾ, ಏನಾತು?" ಎಂದು ಕೇಳಿದರು. ನಾನು ಅವರ ಪಕ್ಕದಲ್ಲಿ ಕೂತು, ಬಿಚ್ಚಿದ ಪಂಪಿನ ಒಂದು ತುಂಡು ಎತ್ತಿ ಒರೆಸತೊಡಗಿದೆ.